ಬಸಣ್ಣನವರ ನೋಟ್‌ಬುಕ್: ಕಡಿಮೆ ಖರ್ಚಿನ ಬಯೋಹ್ಯಾಕಿಂಗ್, ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಬಸಣ್ಣ ಅಂತ ಕರೆಯುತ್ತೇನೆ. ಅದು ಅವರ ನಿಜವಾದ ಹೆಸರಲ್ಲ. ಮನೆಯವರ ಹೆಸರು, ಕೆಲಸದ ಜಾಗ, ಒಂದೆರಡು ಗುರುತುಗಳನ್ನೂ ಬದಲಿಸಿದ್ದೇನೆ. ಅಂಕಿಗಳನ್ನು ಮಾತ್ರ ಮುಟ್ಟಿಲ್ಲ. ಅವು ಅವರ ನೋಟ್‌ಬುಕ್ಕಿನಲ್ಲಿ ಇದ್ದ ಹಾಗೇ ಇವೆ. ಬರೆದ ಮೇಲೆ ಅವರಿಗೆ ಓದಿ ಹೇಳಿದೆ. "ಅವ್ವನ ವಿಷಯ ಮಾತ್ರ ಬಿಡಬೇಡಿ ಸರ್" ಅಂದರು. ಬಿಟ್ಟಿಲ್ಲ.

ನಾನು ಡಾಕ್ಟರಲ್ಲ. ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುವ ಮೇಷ್ಟ್ರು. ಬಸಣ್ಣನವರ ಮನೆ ನಮ್ಮ ಬೀದಿಯಲ್ಲೇ, ನಾಲ್ಕು ಮನೆ ಆಚೆ. ಈ ಕಥೆಯಲ್ಲಿ ನನ್ನ ಪಾತ್ರ ಲೆಕ್ಕ ನೋಡುವವನದ್ದು, ಅಷ್ಟೇ. ಔಷಧಿಯ ಮಾತು ಬಂದಾಗಲೆಲ್ಲ ಅವರು ತಮ್ಮ ಡಾಕ್ಟರ ಹತ್ತಿರ ಹೋದರು. ಒಂದು ಸಲ ಮಾತ್ರ ಅವ್ವನ ಬಗ್ಗೆ ಕೇಳಲಿಲ್ಲ. ಅದನ್ನೂ ಹೇಳುತ್ತೇನೆ.

ಶುರುವಾದದ್ದು ಹೇಗೆ

ಬಸಣ್ಣನವರಿಗೆ 41 ವರ್ಷ. ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಗ್ಗೆ ಒಂಬತ್ತೂವರೆಗೆ ಕುರ್ಚಿ ಹಿಡಿದರೆ ರಾತ್ರಿ ಎಂಟಕ್ಕೆ ಏಳುವುದು. ನಡುವೆ ನಾಲ್ಕೈದು ಚಹಾ, ಸಂಜೆ ಮಂಡಕ್ಕಿ ಜೊತೆ ಎರಡು ಮಿರ್ಚಿ. ಮನೆಯಲ್ಲಿ ಹೆಂಡತಿ ಗಿರಿಜಾ, ಇಬ್ಬರು ಮಕ್ಕಳು, 68 ವರ್ಷದ ಅವ್ವ. ಅವ್ವನಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅಪ್ಪನಿಗೂ ಇತ್ತು. ಕೊನೆಗೆ ಕಾಲಿನ ಹೆಬ್ಬೆರಳು ತೆಗೆಸಿಕೊಂಡು, ಎರಡು ವರ್ಷ ನರಳಿ ಹೋದರು.

ಜನವರಿಯಲ್ಲಿ ವಿಮೆಗೆಂದು ರಕ್ತ ಪರೀಕ್ಷೆ ಮಾಡಿಸಿದರು. ಖಾಲಿ ಹೊಟ್ಟೆಯ ಶುಗರ್ 118. ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, 6.2 ಬಂತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದಾರೆ ಅಂತ ಅರ್ಥ. 6.5 ಮುಟ್ಟಿದರೆ ಒಳಗೆ ಕಾಲಿಟ್ಟ ಹಾಗೆ. ತೂಕ 82 ಕೆಜಿ, ಎತ್ತರ 168 ಸೆಂಟಿಮೀಟರ್, ಹೊಟ್ಟೆಯ ಸುತ್ತಳತೆ 101. ನಮ್ಮ ದೇಶದ ಗಂಡಸರಿಗೆ 90 ದಾಟಬಾರದು ಅನ್ನುತ್ತಾರೆ.

ಇದೇನೂ ಅಪರೂಪದ ಕಥೆಯಲ್ಲ. ಐಸಿಎಂಆರ್-ಇಂಡಿಯಾಬ್ ಅನ್ನುವ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿದ್ದಾರೆ. ಡಾಕ್ಟರು ಬಸಣ್ಣನವರಿಗೆ ಹೇಳಿದ್ದೂ ಸರಳ: "ಈಗಲೇ ಮಾತ್ರೆ ಬೇಡ. ತೂಕ ಇಳಿಸಿ, ನಡೀರಿ, ಮೂರು ತಿಂಗಳು ಬಿಟ್ಟು ಬನ್ನಿ."

ಅವರು ಮನೆಗೆ ಬಂದರು, ಅಪ್ಪನ ಕಾಲು ನೆನಪಾಯಿತು, ಮೊಬೈಲ್ ತೆಗೆದರು.

ಒಂಬತ್ತು ಬದಲಾವಣೆ, ಮೂರು ವಾರ

ಮೊಬೈಲಿನಲ್ಲಿ ಸಿಕ್ಕಿದ್ದು ಬಯೋಹ್ಯಾಕಿಂಗ್ ಅನ್ನುವ ಪದ. ದೇಹವನ್ನು ಅಳೆದು, ಊಟ ನಿದ್ದೆ ಓಡಾಟ ಬದಲಿಸಿ, ಮತ್ತೆ ಅಳೆದು ನೋಡುವುದು ಅನ್ನುವುದಷ್ಟೇ ಅದರ ತಿರುಳು. ಆದರೆ ವಿಡಿಯೋದಲ್ಲಿ ಕಾಣುವುದು ತಿರುಳಲ್ಲ. ಬ್ರಯಾನ್ ಜಾನ್ಸನ್ ಅಂತ ಅಮೆರಿಕದ ಶ್ರೀಮಂತರೊಬ್ಬರು ಇದಕ್ಕೆ ವರ್ಷಕ್ಕೆ 20 ಲಕ್ಷ ಡಾಲರ್ ಖರ್ಚು ಮಾಡುತ್ತೇನೆ ಎಂದು ಹೇಳಿಕೊಂಡವರು. 2023ರಲ್ಲಿ ಮಗನ ರಕ್ತದ ಪ್ಲಾಸ್ಮಾ ಹಾಕಿಸಿಕೊಂಡು, ಆಮೇಲೆ ಅದರಿಂದ ಏನೂ ಲಾಭ ಕಾಣಲಿಲ್ಲ ಅಂತ ಅವರೇ ಹೇಳಿದರು. ಒಂದು ಮಾತು ಮೆಚ್ಚಬೇಕು, ಅಳೆದು ನೋಡಿ ನಿಲ್ಲಿಸಿದರು. ನಮ್ಮ ಬಸಣ್ಣ ಅಳೆಯುವ ಭಾಗವನ್ನೇ ಬಿಟ್ಟು ಉಳಿದದ್ದನ್ನು ಹಿಡಿದುಕೊಂಡಿದ್ದರು.

ಫೆಬ್ರವರಿಯ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಕೈಯಲ್ಲಿ ಮೊಬೈಲ್, ಅದರಲ್ಲಿ ಎರಡು ಸ್ಮಾರ್ಟ್‌ವಾಚಿನ ಫೋಟೋ. "ಸರ್, ಇದ್ರಲ್ಲಿ ಯಾವುದು ತಗೊಳ್ಳಲಿ? ಹದಿನಾಲ್ಕು ಸಾವಿರ ಇದೆ, ಕಂತಿನಲ್ಲಿ ಕೊಡ್ತಾರಂತೆ."

ಈಗ ಏನೇನು ಮಾಡ್ತಿದ್ದೀರಿ ಅಂತ ಕೇಳಿದೆ. ಪಟ್ಟಿ ಶುರುವಾಯಿತು. ಆಪಲ್ ಸೈಡರ್ ವಿನೆಗರ್, ಅಶ್ವಗಂಧ, ಮೆಗ್ನೀಸಿಯಂ, ಮೀನೆಣ್ಣೆ ಮಾತ್ರೆ, ವಿಟಮಿನ್ ಡಿ ಪುಡಿ, ಪ್ರೋಟೀನ್ ಡಬ್ಬ, ನೀಲಿ ಬೆಳಕು ತಡೆಯುವ ಕನ್ನಡಕ. ಇವು ದುಡ್ಡು ಕೊಟ್ಟು ತಂದವು, ಒಟ್ಟು 6,820 ರೂಪಾಯಿ. ದುಡ್ಡಿಲ್ಲದ್ದು ಎರಡು: ಬೆಳಗಿನ ತಿಂಡಿ ಬಿಟ್ಟಿದ್ದರು, ತಣ್ಣೀರು ಸ್ನಾನ ಹಿಡಿದಿದ್ದರು. ಒಟ್ಟು ಒಂಬತ್ತು. ಎಲ್ಲವೂ ಒಂದೇ ವಾರದಲ್ಲಿ ಶುರು.

ಪರಿಣಾಮ? ತೂಕ ಒಂದೂವರೆ ಕೆಜಿ ಇಳಿದಿತ್ತು. ಎದೆಯುರಿ ಶುರುವಾಗಿತ್ತು. ಮಧ್ಯಾಹ್ನ ಅಂಗಡಿಯಲ್ಲಿ ತೂಕಡಿಕೆ. ಮನೆಯಲ್ಲಿ ಸಿಡುಕು ಜಾಸ್ತಿಯಾಗಿದೆ ಅಂತ ಗಿರಿಜಾ ಅವರ ದೂರು.

"ತೂಕ ಇಳಿದದ್ದು ಯಾವುದರಿಂದ ಸರ್?" ಅಂತ ಕೇಳಿದರು. ಎದೆಯುರಿ ಯಾವುದರಿಂದ ಅಂತ ನಾನು ತಿರುಗಿ ಕೇಳಿದೆ. ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಎಂಟನೇ ಕ್ಲಾಸಿನ ಮಕ್ಕಳಿಗೆ ನಾನು ಹೇಳುವ ಮೊದಲ ಪಾಠ ಇದೇ. ಒಂದು ಕುಂಡಕ್ಕೆ ನೀರು ಬದಲಿಸಿ, ಮಣ್ಣು ಬದಲಿಸಿ, ಬಿಸಿಲಿಗೂ ಇಟ್ಟರೆ ಗಿಡ ಯಾಕೆ ಬೆಳೆಯಿತು ಅಂತ ಹೇಳಲು ಬರುವುದಿಲ್ಲ. ಬಸಣ್ಣ ಒಂಬತ್ತು ಬದಲಿಸಿದ್ದರು.

ಆ ಪಟ್ಟಿಯಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ವಿಟಮಿನ್ ಡಿ. ಪೊಟ್ಟಣ ತರಿಸಿ ನೋಡಿದೆ. ಒಂದೊಂದರಲ್ಲೂ 60,000 ಯೂನಿಟ್. ಸಾಮಾನ್ಯವಾಗಿ ಡಾಕ್ಟರು ಇದನ್ನು ವಾರಕ್ಕೊಂದರಂತೆ ಕೆಲವು ವಾರ ಬರೆದುಕೊಡುತ್ತಾರೆ. ಬಸಣ್ಣ ಚೀಟಿಯಿಲ್ಲದೆ ತಂದಿದ್ದರು, ದಿನಕ್ಕೊಂದರಂತೆ ಒಂಬತ್ತು ದಿನ ಹಾಲಿಗೆ ಹಾಕಿ ಕುಡಿದಿದ್ದರು. ಐದು ಲಕ್ಷದ ನಲವತ್ತು ಸಾವಿರ ಯೂನಿಟ್. ಇದು ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುವ ವಿಟಮಿನ್ ಅಲ್ಲ. ಕೊಬ್ಬಿನಲ್ಲಿ ಕೂತುಬಿಡುತ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು ಕೊಡಬಹುದು. ಮರುದಿನವೇ ಡಾಕ್ಟರ ಹತ್ತಿರ ಹೋದರು. ಕ್ಯಾಲ್ಸಿಯಂ ಸರಿಯಾಗಿಯೇ ಇತ್ತು. ಅದೃಷ್ಟ. ಡಾಕ್ಟರು ಪುಡಿ ನಿಲ್ಲಿಸಿ, ಉಳಿದ ಡಬ್ಬಗಳನ್ನೂ ಬದಿಗಿಡಿ ಅಂದರು.

ವಾಚಿನ ಮಾತು ಅಲ್ಲಿಗೆ ನಿಂತಿತು.

ಏನೂ ಮಾಡದ ಎರಡು ವಾರ

ಇಲ್ಲಿ ನಾವು ತೆಗೆದುಕೊಂಡ ತೀರ್ಮಾನ ಬಸಣ್ಣನವರಿಗೆ ಒಂಚೂರೂ ಹಿಡಿಸಲಿಲ್ಲ. ಎರಡು ವಾರ ಏನನ್ನೂ ಬದಲಿಸುವುದಿಲ್ಲ. ಮೊದಲಿನ ಹಾಗೇ ತಿಂಡಿ, ಮಿರ್ಚಿ, ಚಹಾ, ರಾತ್ರಿ ಹನ್ನೆರಡೂವರೆವರೆಗೆ ಮೊಬೈಲ್. ಅಳೆದು ಬರೆಯುವುದು ಮಾತ್ರ ಹೊಸದು. "ಇದೇನು ಸರ್, ಕಾಯಿಲೆ ಬೆಳೆಸೋಕೆ ಬಿಟ್ಟಂಗಾಯ್ತು" ಅಂದರು. ಹದಿನೈದು ವರ್ಷ ಬೆಳೆದದ್ದು ಹದಿನೈದು ದಿನ ಕಾಯುತ್ತದೆ ಅಂದೆ. ಎಲ್ಲಿಂದ ಹೊರಟೆವು ಅನ್ನುವುದೇ ಗೊತ್ತಿಲ್ಲದಿದ್ದರೆ ಎಷ್ಟು ದೂರ ಬಂದೆವು ಅಂತ ಹೇಗೆ ತಿಳಿಯುತ್ತದೆ?

ಸಾಮಾನು ಹೀಗಿತ್ತು. ಬೆರಳಿನ ಒಂದು ಹನಿ ರಕ್ತದಲ್ಲಿ ಶುಗರ್ ಅಳೆಯುವ ಗ್ಲೂಕೋಮೀಟರ್, 25 ಸ್ಟ್ರಿಪ್ ಸೇರಿ 850 ರೂಪಾಯಿ. ಆಮೇಲೆ ಇನ್ನೂ 50 ಸ್ಟ್ರಿಪ್, 900 ರೂಪಾಯಿ. ದರ್ಜಿಯವರು ಬಳಸುವ ಟೇಪು 25. ನೋಟ್‌ಬುಕ್ 45. ಬಿಪಿ ಮೆಷಿನ್ ಅವ್ವನದು ಮನೆಯಲ್ಲೇ ಇತ್ತು. ತೂಕದ ಯಂತ್ರ ಅಂಗಡಿಯಲ್ಲಿ ಇತ್ತು, ಗೊಬ್ಬರದ ಚೀಲ ತೂಗುವಂಥದ್ದು. ಅದರ ಮೇಲೇ ವಾರಕ್ಕೊಮ್ಮೆ ನಿಲ್ಲುತ್ತಿದ್ದರು. ಕೊನೆಗೆ ಎರಡು ಸಲ ಎಚ್‌ಬಿಎ1ಸಿ ಮಾಡಿಸಿದ್ದಕ್ಕೆ 900. ಆರು ತಿಂಗಳ ಒಟ್ಟು ಖರ್ಚು 2,720 ರೂಪಾಯಿ. ತೋಳಿಗೆ ಅಂಟಿಸಿಕೊಂಡು ಎರಡು ವಾರ ಸತತವಾಗಿ ಶುಗರ್ ತೋರಿಸುವ ಸೆನ್ಸರ್ ಬಗ್ಗೆಯೂ ವಿಚಾರಿಸಿದ್ದೆವು. ಚೆನ್ನಾಗಿರುತ್ತದೆ, ಆದರೆ ಒಂದೇ ಸೆನ್ಸರಿಗೆ ಇದಕ್ಕಿಂತ ಜಾಸ್ತಿ ಹೇಳಿದರು. ಬೇಡ ಅಂದುಕೊಂಡೆವು.

ಮೊದಲ ವಾರದಲ್ಲೇ ಅಳತೆಯ ಎಡವಟ್ಟುಗಳು ಹೊರಬಿದ್ದವು. ಒಂದು ಸಂಜೆ ಮೀಟರ್ 212 ತೋರಿಸಿತು. ಬಸಣ್ಣ ಬೆವತುಹೋದರು. ವಿಚಾರಿಸಿದರೆ, ಮಗನಿಗೆ ಬಾಳೆಹಣ್ಣು ಸುಲಿದುಕೊಟ್ಟು ಹಾಗೇ ಬೆರಳು ಚುಚ್ಚಿಕೊಂಡಿದ್ದರು. ಸೋಪು ಹಚ್ಚಿ ಕೈ ತೊಳೆದು, ಒರೆಸಿ, ಮತ್ತೆ ನೋಡಿದರೆ 129. ಬೆರಳಿನ ಮೇಲಿದ್ದ ಹಣ್ಣಿನ ಸಕ್ಕರೆಯನ್ನು ಮೀಟರ್ ಅಳೆದಿತ್ತು! ಬಿಪಿಯೂ ಹಾಗೇ. ಮೆಟ್ಟಿಲು ಹತ್ತಿ ಬಂದು ಮಾತಾಡುತ್ತ ನೋಡಿಕೊಂಡರೆ 146/94. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೂರಿ, ಕೈಯನ್ನು ಎದೆಯ ಮಟ್ಟಕ್ಕಿಟ್ಟು, ಬಾಯಿ ಮುಚ್ಚಿಕೊಂಡು ಕೂತರೆ 134/86.

ಇನ್ನೊಂದು ದಿನ ಒಂದೇ ಬೆರಳಿನಿಂದ ಐದು ನಿಮಿಷದ ಅಂತರದಲ್ಲಿ ಎರಡು ಸ್ಟ್ರಿಪ್ ಹಾಕಿಸಿದೆ. 131 ಮತ್ತು 142. "ಯಾವುದು ಸರಿ?" ಎರಡೂ ಸರಿ. ಮನೆಯ ಮೀಟರುಗಳಿಗೆ ಶೇಕಡಾ 15ರಷ್ಟು ಆಚೀಚೆ ಆಗಲು ಜಾಗತಿಕ ಮಾನದಂಡವೇ ಅವಕಾಶ ಕೊಟ್ಟಿದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಒಂದು ನಿಯಮ ಬರೆದೆವು: ಒಂದು ಸಲದ ಅಂಕಿ ನೋಡಿ ಖುಷಿಯೂ ಬೇಡ, ಗಾಬರಿಯೂ ಬೇಡ. ನಾಲ್ಕು ಸಲ ನೋಡಿ ಸರಾಸರಿ ತೆಗೆಯುವುದು.

ಈ ಎರಡು ವಾರಕ್ಕೆ ಆದ ಖರ್ಚು ಕೆಲವು ಸ್ಟ್ರಿಪ್‌ಗಳು. ಇಡೀ ಆರು ತಿಂಗಳಲ್ಲಿ ನಾವು ಮಾಡಿದ ಒಳ್ಳೆಯ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಮಾಳಿಗೆಯ ಮೇಲೆ ಹದಿನೈದು ನಿಮಿಷ

ಮೊದಲು ಆರಿಸಿಕೊಂಡದ್ದು ಊಟದ ಮೇಲಿನ ನಡಿಗೆ. ದುಡ್ಡು ಬೇಡ, ಅಪಾಯ ಕಡಿಮೆ, ಫಲಿತಾಂಶ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ. ಹೊಸಬರಿಗೆ ಇದು ಮುಖ್ಯ. ಮೂರು ತಿಂಗಳು ಕಾದರೆ ಮಾತ್ರ ಉತ್ತರ ಬರುವ ಪ್ರಯೋಗದಿಂದ ಶುರುಮಾಡಿದರೆ ಯಾರಿಗಾದರೂ ಬೇಸರ ಬರುತ್ತದೆ.

ರಾತ್ರಿ ಊಟ ಒಂದೇ ಥರ ಇಟ್ಟೆವು: ಎರಡು ರೊಟ್ಟಿ, ಪಲ್ಯ, ಒಂದು ಸೌಟು ಅನ್ನ, ಸಾರು. ನಾಲ್ಕು ರಾತ್ರಿ ಊಟ ಮುಗಿಸಿ ಟಿವಿ ಮುಂದೆ ಕೂತರು. ಉಣ್ಣಲು ಶುರುಮಾಡಿ ಒಂದು ಗಂಟೆಗೆ ಶುಗರ್ 171, 178, 164, 182. ಸರಾಸರಿ 174. ಇನ್ನು ನಾಲ್ಕು ರಾತ್ರಿ, ಕೈ ತೊಳೆದ ತಕ್ಷಣ ಹದಿನೈದು ನಿಮಿಷ ನಡೆದರು. 139, 151, 133, 146. ಸರಾಸರಿ 142.

ನೋಟ್‌ಬುಕ್ಕಿನಲ್ಲಿ ಈ ಎರಡು ಸಾಲಿನ ಕೆಳಗೆ ಬಸಣ್ಣ ಮೂರು ಗೆರೆ ಎಳೆದಿದ್ದಾರೆ. ಡಾಕ್ಟರು "ನಡೀರಿ" ಅಂದಾಗ ಆಗದ ಕೆಲಸವನ್ನು 32ರ ಈ ವ್ಯತ್ಯಾಸ ಮಾಡಿತು. ಕಾರಣವೂ ಚೆನ್ನಾಗಿದೆ. ದುಡಿಯುತ್ತಿರುವ ಮಾಂಸಖಂಡ, ಸಕ್ಕರೆಯನ್ನು ಜೀವಕೋಶಕ್ಕೆ ಸೇರಿಸುವ ಇನ್ಸುಲಿನ್ನಿಗೆ ಕಾಯದೆ, ರಕ್ತದಿಂದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳಬಲ್ಲದು. ಇನ್ಸುಲಿನ್ ಸರಿಯಾಗಿ ನಾಟದವರಿಗೆ ಇದು ಹಿತ್ತಲ ಬಾಗಿಲು ತೆಗೆದ ಹಾಗೆ.

ಆದರೆ ರಾತ್ರಿ ಒಂಬತ್ತಕ್ಕೆ ನಡೆಯುವುದು ಎಲ್ಲಿ? ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ನಾಯಿಗಳದ್ದೇ ರಾಜ್ಯ. ಎರಡು ದಿನ ಕೋಲು ಹಿಡಿದು ಹೋದರು, ಮೂರನೇ ದಿನ ಬಿಟ್ಟರು. ದಾರಿ ತೋರಿಸಿದ್ದು ಗಿರಿಜಾ. "ಮಾಳಿಗೆ ಮೇಲೆ ಹೋಗಿ, ಬಟ್ಟೆ ತರೋದೂ ಆಗ್ತದೆ." ಆವತ್ತಿನಿಂದ ಗಂಡ ಹೆಂಡತಿ ಇಬ್ಬರೂ ಮಾಳಿಗೆಯ ಮೇಲೆ ಸುತ್ತು ಹಾಕುತ್ತಾರೆ. ಮಧ್ಯಾಹ್ನ ಊಟದ ಮೇಲೆ ಅಂಗಡಿಯಿಂದ ಎದುರಿನ ಬೀದಿಯ ಕೊನೆಯವರೆಗೆ ಹೋಗಿ ಬರುವುದು, ಹತ್ತು ನಿಮಿಷ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲೇಬೇಕಲ್ವಾ ಅಂತ ಒಮ್ಮೆ ಕೇಳಿದರು. ಆ ಹತ್ತು ಸಾವಿರ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರಿನಿಂದ ಬಂದದ್ದು.

ಒಂದು ತಿಂಗಳು ಕಳೆದ ಮೇಲೆ ಬಸ್ಕಿ ಸೇರಿಸಿದೆವು. ಬೆಳಗ್ಗೆ ಹನ್ನೆರಡರಂತೆ ಮೂರು ಸಲ. ದಾವಣಗೆರೆ ಗರಡಿ ಮನೆಗಳ ಊರು. ಬಸ್ಕಿ ಹೊಡೆಯುವುದಕ್ಕೆ ಇಲ್ಲಿ ವಿಡಿಯೋ ನೋಡಬೇಕಾ?

ಮುದ್ದೆಯ ತಗಾದೆ

ಎರಡನೇ ಪ್ರಯೋಗ ಊಟದ್ದು. ಬಸಣ್ಣನವರ ನಂಬಿಕೆ ಒಂದೇ: ಅನ್ನ ಕೆಟ್ಟದ್ದು, ರಾಗಿ ಒಳ್ಳೆಯದು. ಅನ್ನ ಬಿಟ್ಟು ಮಧ್ಯಾಹ್ನ ಮುದ್ದೆ ಉಂಡು ಅಳೆದರು. ಅನ್ನದ ದಿನಗಳ ಸರಾಸರಿ 168. ಮುದ್ದೆಯ ದಿನಗಳದ್ದು 173.

ಮುಖ ಸಣ್ಣಗಾಯಿತು. ಮೀಟರ್ ಕೆಟ್ಟಿದೆ ಅಂದರು. ಜೋಳದ ರೊಟ್ಟಿ ಉಂಡು ನೋಡಿದರೆ 145. "ಹಾಗಾದ್ರೆ ರಾಗಿ ಬಿಡಬೇಕು, ಜೋಳ ಹಿಡೀಬೇಕು" ಅಂತ ಅಲ್ಲೇ ತೀರ್ಪು ಕೊಟ್ಟರು.

ನಾನೂ ಹೌದೌದು ಅಂದುಬಿಟ್ಟಿದ್ದೆ. ತಪ್ಪು ಹಿಡಿದದ್ದು ಮತ್ತೆ ಗಿರಿಜಾ ಅವರೇ. "ಮುದ್ದೆ ದಿನ ಇವ್ರು ಎರಡು ದೊಡ್ಡ ಮುದ್ದೆ, ಬರೀ ತಿಳಿ ಸಾರು. ರೊಟ್ಟಿ ದಿನ ಕಾಳು ಪಲ್ಯ, ಸೌತೆಕಾಯಿ, ಮೊಸರು ಎಲ್ಲ ಇತ್ತು. ಎರಡೂ ಒಂದೇ ಹೆಂಗಾಗ್ತವೆ ಸರ್?" ವಿಜ್ಞಾನದ ಮೇಷ್ಟ್ರು ನಾನು. ಆ ಮಾತು ನಾನು ಹೇಳಬೇಕಿತ್ತು.

ಮತ್ತೆ ಮಾಡಿದೆವು. ಮೊದಲು ಒಂದು ಬಟ್ಟಲು ಹೆಸರುಬೇಳೆ ಕೋಸಂಬರಿ. ಆಮೇಲೆ ಒಂದೇ ಮುದ್ದೆ, ಗಟ್ಟಿ ಸೊಪ್ಪಿನ ಸಾರು. ಸರಾಸರಿ 148ಕ್ಕೆ ಬಂತು. ಅನ್ನವನ್ನೂ ಅರ್ಧ ಮಾಡಿ, ಕೋಸಂಬರಿ ಮೊದಲು ತಿಂದು ಅಳೆದರೆ 150. ಹಿಟ್ಟು ನುಣ್ಣಗಿದ್ದಷ್ಟೂ ಬೇಗ ಜೀರ್ಣವಾಗಿ ಸಕ್ಕರೆಯಾಗುತ್ತದೆ. ಅದು ರಾಗಿ ಅಂತ ಸುಮ್ನೆ ಬಿಡುವುದಿಲ್ಲ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ಹಿಂದೆ ಬರುವ ಪಿಷ್ಟ ನಿಧಾನವಾಗುತ್ತದೆ. ಮದುವೆ ಮನೆಯ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲು ಬೀಳುವುದನ್ನು ನೋಡಿಕೊಂಡೇ ಬೆಳೆದವರು ನಾವು. ಅನ್ನ ಬರುವವರೆಗೆ ಅವುಗಳನ್ನು ಮುಟ್ಟದೆ ಕಾಯುತ್ತೇವೆ, ಅಷ್ಟೇ.

ಭಾನುವಾರದ ಬೆಣ್ಣೆ ದೋಸೆ ಬಿಡಿ ಅಂತ ನಾನು ಹೇಳಲಿಲ್ಲ. ಹೇಳಿದ್ದರೆ ಅವರು ನೋಟ್‌ಬುಕ್ಕನ್ನೇ ಬಿಡುತ್ತಿದ್ದರು. ಮೂರರ ಬದಲು ಎರಡು, ಹೋಟೆಲಿನಿಂದ ಮನೆಗೆ ನಡೆದುಕೊಂಡು ಬರುವುದು. ರಾಜಿ ಅಲ್ಲಿಗೆ ಮುಗಿಯಿತು.

ಅವ್ವ ತಿಂಡಿ ಬಿಟ್ಟ ದಿನ

ಈಗ ಆ ಒಂದು ಸಲದ ಮಾತು.

ಏಪ್ರಿಲ್ ಕೊನೆಗೆ ಬಸಣ್ಣ ಊಟದ ಹೊತ್ತು ಬದಲಿಸಿದರು. ರಾತ್ರಿ ಊಟ ಅಂಗಡಿಯಿಂದ ಬಂದ ಕೂಡಲೇ ಎಂಟೂಕಾಲಕ್ಕೆ, ಮರುದಿನ ತಿಂಡಿ ಹತ್ತೂವರೆಗೆ ಅಂಗಡಿಯಲ್ಲಿ. ಅವರಿಗೆ ಮಾತ್ರೆ ಇರಲಿಲ್ಲ. ಡಾಕ್ಟರಿಗೂ ಕೇಳಿದ್ದರು, ಮಾಡಿ ನೋಡಿ ಅಂದಿದ್ದರು. ಅವರ ಮಟ್ಟಿಗೆ ಸರಿಯಾಗಿಯೇ ನಡೆಯುತ್ತಿತ್ತು. ದಿನವೂ ಮನೆಯಲ್ಲಿ ಅಂಕಿ ಓದಿ ಹೇಳುವುದು, ಖುಷಿಪಡುವುದು. ಇದೆಲ್ಲವನ್ನೂ ಮೂಲೆಯ ಮಂಚದ ಮೇಲೆ ಕೂತು ಅವ್ವ ಕೇಳಿಸಿಕೊಳ್ಳುತ್ತಿದ್ದರು.

ಮೇ ತಿಂಗಳ ಒಂದು ಬೆಳಗ್ಗೆ ಅವ್ವ ಎಂದಿನಂತೆ ಮಾತ್ರೆ ನುಂಗಿದರು. ಅದರಲ್ಲಿ ಗ್ಲಿಮೆಪಿರೈಡ್ ಇತ್ತು. ಅದು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಔಷಧಿ. ಹೊಟ್ಟೆಗೆ ಊಟ ಬಿತ್ತೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಗಿರಿಜಾ ಉಪ್ಪಿಟ್ಟು ಕೊಟ್ಟರೆ "ಆಮೇಲೆ ತಿಂತೀನಿ ಬಿಡವ್ವ" ಅಂದರು. ಹನ್ನೊಂದರ ಹೊತ್ತಿಗೆ ಅವ್ವ ಮಂಚದ ಮೇಲೆ ಬೆವರುತ್ತಿದ್ದರು. ಕೈ ನಡುಗುತ್ತಿತ್ತು. ಮೊಮ್ಮಗನನ್ನು ಮಗನ ಹೆಸರಿನಿಂದ ಕರೆದರು.

ಬಿಸಿಲಿಗೆ ಹೀಗಾಗಿದೆ ಅಂತ ಅಂದುಕೊಳ್ಳುವುದು ಸುಲಭವಿತ್ತು. ಮೇ ತಿಂಗಳಲ್ಲಿ ನಮ್ಮೂರಲ್ಲಿ ಎಲ್ಲರೂ ಬೆವರುತ್ತಾರೆ. ಆದರೆ ಗಿರಿಜಾ ಗಂಡನ ಮೀಟರ್ ತೆಗೆದು ಅವ್ವನ ಬೆರಳಿಗೆ ಚುಚ್ಚಿದರು. 54. 70ಕ್ಕಿಂತ ಕೆಳಗೆ ಹೋದರೇ ಅಪಾಯದ ಗಂಟೆ. ಅವ್ವನಿಗೆ ಇನ್ನೂ ಎಚ್ಚರ ಇತ್ತು, ನುಂಗಲು ಬರುತ್ತಿತ್ತು. ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದರು. ಹದಿನೈದು ನಿಮಿಷ ಬಿಟ್ಟು ನೋಡಿದರೆ 83. ಅನ್ನ ಮೊಸರು ತಿನ್ನಿಸಿ ಆಸ್ಪತ್ರೆಗೆ ಕರೆದೊಯ್ದರು. ಈ ಮಾತ್ರೆಯ ಕೆಲಸ ತುಂಬ ಹೊತ್ತು ಇರುತ್ತದೆ, ಸಕ್ಕರೆ ಮತ್ತೆ ಇಳಿಯಬಹುದು. ಹಾಗಾಗಿ ಸಂಜೆವರೆಗೆ ಅಲ್ಲೇ ಇಟ್ಟುಕೊಂಡರು. ಡಾಕ್ಟರು ಮಾತ್ರೆಯ ಪ್ರಮಾಣವನ್ನೂ ಇಳಿಸಿದರು.

ಯಾಕೆ ತಿಂಡಿ ಬಿಟ್ಟಿದ್ದು ಅಂತ ಕೇಳಿದ್ದಕ್ಕೆ ಅವ್ವ ಹೇಳಿದ್ದು: "ನೀನು ಲೇಟಾಗಿ ತಿಂದ್ರೆ ಶುಗರ್ ಇಳೀತದೆ ಅಂದಿ. ನಂದೂ ಇಳೀಲಿ ಅಂತ ನಾಕು ದಿನದಿಂದ ಲೇಟ್ ಮಾಡ್ತಿದ್ದೆ." ನಾಲ್ಕು ದಿನ. ಯಾರೂ ಗಮನಿಸಿರಲಿಲ್ಲ.

ಬಸಣ್ಣ ಎರಡು ವಾರ ನೋಟ್‌ಬುಕ್ ಮುಟ್ಟಲಿಲ್ಲ. ನನಗೂ ರಾತ್ರಿ ನಿದ್ದೆ ಬರಲಿಲ್ಲ. ಒಂದೇ ಮನೆಯಲ್ಲಿ ಸಕ್ಕರೆ ಮಾತ್ರೆ ತಿನ್ನುವವರು ಇದ್ದಾರೆ ಅಂತ ಮೊದಲ ದಿನದಿಂದ ಗೊತ್ತಿತ್ತು. ಬಸಣ್ಣ ಡಾಕ್ಟರ ಹತ್ತಿರ ತಮ್ಮ ಬಗ್ಗೆ ಕೇಳಿದ್ದರು. ಅವ್ವನಿಗೆ ಇದು ಆಗದು ಅಂತ ಅವ್ವನಿಗೇ ಕೂರಿಸಿಕೊಂಡು ಹೇಳಬೇಕು ಅನ್ನುವುದು ಮಾತ್ರ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಗಿರಿಜಾ ಅವರದ್ದೂ ಒಂದು ಉಪಕಥೆ ಇದೆ. ಗಂಡನ ಜೊತೆ ಅವರೂ ಎಚ್‌ಬಿಎ1ಸಿ ಮಾಡಿಸಿದರು. 5.9 ಬಂತು. ಆದರೆ ಹಿಮೋಗ್ಲೋಬಿನ್ 9.4 ಮಾತ್ರ. ಕಬ್ಬಿಣದ ಕೊರತೆ ಇದ್ದಾಗ ಈ ಪರೀಕ್ಷೆ ಇಲ್ಲದ ಏರಿಕೆ ತೋರಿಸಬಹುದು. ಡಾಕ್ಟರು ಮೊದಲು ಕಬ್ಬಿಣದ ಮಾತ್ರೆ ಕೊಟ್ಟರು. ನಾಲ್ಕು ತಿಂಗಳ ಮೇಲೆ ನೋಡಿದರೆ 5.5. ಅನ್ನ ಬಿಟ್ಟು ಸೊರಗುವುದು ತಪ್ಪಿತು.

ಉಳಿದ ಪ್ರಯತ್ನಗಳು

ನಿದ್ದೆಯ ಪ್ರಯೋಗದಲ್ಲಿ ಉತ್ತರ ಅಷ್ಟು ಸ್ಪಷ್ಟವಾಗಲಿಲ್ಲ. ಐದೂವರೆ ಗಂಟೆಗಿಂತ ಕಡಿಮೆ ಮಲಗಿದ ರಾತ್ರಿಗಳ ಮರುದಿನ ಖಾಲಿ ಹೊಟ್ಟೆಯ ಸರಾಸರಿ 116. ಏಳು ಗಂಟೆ ಮಲಗಿದಾಗ 107. ಈ ಒಂಬತ್ತನ್ನು ಮೀಟರಿನ ಆಚೀಚೆಯೇ ನುಂಗಿಹಾಕಬಹುದು. ಹಾಗಂತ ನಿದ್ದೆ ಲೆಕ್ಕಕ್ಕಿಲ್ಲ ಅಂತಲ್ಲ. 1999ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದವರು 11 ಆರೋಗ್ಯವಂತ ಯುವಕರನ್ನು ಆರು ರಾತ್ರಿ ನಾಲ್ಕೇ ಗಂಟೆ ಮಲಗಿಸಿ ನೋಡಿದ್ದರು. ಅವರ ದೇಹ ಸಕ್ಕರೆ ನಿಭಾಯಿಸುವ ರೀತಿಯೇ ಹದಗೆಟ್ಟಿತ್ತು. ಬಸಣ್ಣ ಮೊಬೈಲನ್ನು ನಡುಮನೆಯಲ್ಲೇ ಚಾರ್ಜಿಗೆ ಹಾಕಿ ಮಲಗುವುದನ್ನು ಉಳಿಸಿಕೊಂಡರು. ಸಂಜೆ ನಾಲ್ಕರ ನಂತರದ ಚಹಾ ಬಿಟ್ಟರು. ಅಂಕಿ ಏನೇ ಹೇಳಲಿ, ಸಿಡುಕು ಕಡಿಮೆಯಾಗಿದೆ ಅಂತ ಗಿರಿಜಾ ಹೇಳುತ್ತಾರೆ.

ತಣ್ಣೀರು ಸ್ನಾನದ ಕೂಡಲೇ ಬಿಪಿ ನೋಡಿದರೆ ಏರಿರುತ್ತಿತ್ತು. ತಣ್ಣೀರು ಬಿದ್ದಾಗ ರಕ್ತನಾಳ ಬಿಗಿಯುವುದು ಸಹಜ. ಬಿಪಿ ಮೊದಲೇ ಅಂಚಿನಲ್ಲಿದ್ದವರಿಗೆ ಇದು ಯಾಕೆ ಬೇಕು ಅಂತ ಬಿಟ್ಟರು. ವಿನೆಗರ್ ನಿಲ್ಲಿಸಿದ ನಾಲ್ಕೇ ದಿನಕ್ಕೆ ಎದೆಯುರಿ ಹೋಯಿತು. ಕನ್ನಡಕವನ್ನು ಮಗಳು ಆಟಕ್ಕೆ ತೆಗೆದುಕೊಂಡಳು.

ನೋಟ್‌ಬುಕ್ಕಿನಲ್ಲಿ ಹನ್ನೊಂದು ದಿನದ ಖಾಲಿ ಹಾಳೆಯೂ ಇದೆ. ಮೈದುನನ ಮದುವೆ. ತಿರುಗಿ ಬಂದವರು ಹೋಳಿಗೆ ತಿಂದ ಪಶ್ಚಾತ್ತಾಪಕ್ಕೆ ದಿನಕ್ಕೆ ಐದು ಸಲ ಬೆರಳು ಚುಚ್ಚಿಕೊಳ್ಳಲು ಶುರುಮಾಡಿದರು. 140 ಕಂಡರೆ ಊಟವೇ ಬೇಡ ಅನ್ನುವಷ್ಟು ಗಾಬರಿ. ಆರೋಗ್ಯವಂತರಿಗೂ ಉಂಡ ಮೇಲೆ ಅಷ್ಟು ಏರುವುದುಂಟು. ಇದು ಹೊಸ ಕಾಯಿಲೆ ಅನ್ನಿಸಿತು. ಸ್ಟ್ರಿಪ್ ಡಬ್ಬ ನಮ್ಮ ಮನೆಗೆ ತಂದಿಟ್ಟುಕೊಂಡೆ. ವಾರಕ್ಕೆ ನಾಲ್ಕು ಮಾತ್ರ ಕೊಡುತ್ತಿದ್ದೆ, ರೇಷನ್ ಅಂಗಡಿಯವರ ಹಾಗೆ.

ಆರು ತಿಂಗಳ ಮೇಲೆ

ಮೂರು ತಿಂಗಳಿಗೆ ಎಚ್‌ಬಿಎ1ಸಿ 6.1. ಬರೀ 0.1 ಇಳಿದದ್ದಕ್ಕೆ ಬಸಣ್ಣ ಕುಗ್ಗಿದರು. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಹಳೆಯ ಮಿರ್ಚಿಯ ಲೆಕ್ಕವೂ ಆ ಪರೀಕ್ಷೆಯಲ್ಲಿ ಇನ್ನೂ ಉಳಿದಿತ್ತು. ಆರು ತಿಂಗಳಿಗೆ 5.8 ಬಂತು. ತೂಕ 76.4, ಹೊಟ್ಟೆ 94, ಬಿಪಿ 128/82. ಖಾಲಿ ಹೊಟ್ಟೆಯ ಶುಗರ್ 104.

ಹೊಸ್ತಿಲು ದಾಟಿ ಹೊರಗೆ ಬಂದಿಲ್ಲ. ಹಿಂದಕ್ಕೆ ಎರಡು ಹೆಜ್ಜೆ ಇಟ್ಟಿದ್ದಾರೆ. ಡಾಕ್ಟರು ಇದನ್ನೇ ಮುಂದುವರಿಸಿ ಅಂದರು. ಮಾತ್ರೆ ಇನ್ನೂ ಬಂದಿಲ್ಲ.

ಇದರಲ್ಲಿ ನಡಿಗೆಯ ಪಾಲೆಷ್ಟು, ಊಟದ್ದೆಷ್ಟು, ತೂಕ ಇಳಿದದ್ದರದ್ದೆಷ್ಟು ಅಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಒಂದೊಂದು ಊಟದ ಮೇಲಿನ ಪರಿಣಾಮವನ್ನು ಅಳೆದೆವು. ಆರು ತಿಂಗಳ ಫಲ ಎಲ್ಲದರ ಕೂಡಿಕೆ. ಆದರೆ ಈ ದಾರಿ ಬಸಣ್ಣನವರೇ ಕಂಡುಹಿಡಿದದ್ದಲ್ಲ. ಹೊಸ್ತಿಲಲ್ಲಿದ್ದ ಭಾರತೀಯರ ಮೇಲೆ ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟ ಮತ್ತು ನಡಿಗೆ ಬದಲಿಸಿಕೊಂಡವರಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇಕಡಾ 28.5ರಷ್ಟು ಕಡಿಮೆಯಾಗಿತ್ತು. ಶುಗರ್ ಇಳಿಸುವ ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ 26.4. ಬಸಣ್ಣ ಸೇರಿಸಿದ್ದು ಮೀಟರನ್ನು ಮಾತ್ರ. ಅದು ಕಾಯಿಲೆಗೆ ಔಷಧಿಯಾಗಲಿಲ್ಲ, ಅನುಮಾನಕ್ಕೆ ಔಷಧಿಯಾಯಿತು.

ನಮ್ಮ ಬೀದಿಯ ಇನ್ನೂ ಮೂರು ಜನ ಈಗ ನನ್ನ ಹತ್ತಿರ ಬಂದಿದ್ದಾರೆ. ಮೀಟರ್ ತಗೊಳ್ಳಿ ಅಂತ ನಾನು ಮೊದಲು ಹೇಳುವುದಿಲ್ಲ. ಮೊದಲ ಪ್ರಶ್ನೆ, ನೀವು ಯಾವ ಮಾತ್ರೆ ತಿನ್ನುತ್ತೀರಿ? ಎರಡನೆಯದು, ಮನೆಯಲ್ಲಿ ಬೇರೆ ಯಾರು ತಿನ್ನುತ್ತಾರೆ? ಒಬ್ಬರು ಇನ್ಸುಲಿನ್ ತೆಗೆದುಕೊಳ್ಳುವವರು. ಅವರನ್ನು ನೇರ ಡಾಕ್ಟರ ಹತ್ತಿರ ಕಳಿಸಿದೆ. ಒಬ್ಬರು ಬಸುರಿ. ಅವರಿಗೂ ಅದೇ ಮಾತು. ಉಳಿದ ಒಬ್ಬರಿಗೆ ಒಂದು ನೋಟ್‌ಬುಕ್, ಒಂದು ಟೇಪು, ಎರಡು ವಾರ ಏನೂ ಬದಲಿಸಬೇಡಿ ಅಂದಿದ್ದೇನೆ. ಬಸಣ್ಣನವರ ಹಾಗೇ ಮುಖ ಗಂಟಿಕ್ಕಿಕೊಂಡು ಹೋದರು.

ಬಸಣ್ಣನವರ ನೋಟ್‌ಬುಕ್ ಈಗ ಅರ್ಧ ತುಂಬಿದೆ. ಹಿಂದಿನ ರಟ್ಟಿನ ಕಡೆಯಿಂದ ಇನ್ನೊಂದು ಲೆಕ್ಕ ಶುರುವಾಗಿದೆ, ಗಿರಿಜಾ ಅವರ ಕೈಬರಹದಲ್ಲಿ. ಮೊನ್ನೆ ನೋಡಿದ ಸಾಲು ಇದು: "ಅವ್ವ. ಬೆಳಗ್ಗೆ 8:10. ಉಪ್ಪಿಟ್ಟು ಮುಂದೆ ಇಟ್ಟ ಮೇಲೆ ಮಾತ್ರೆ. ಪೂರ್ತಿ ತಿಂದರು, ನಾನೇ ನೋಡಿದೆ."